ಅಲಾಯ್ ವೀಲ್: ಕ್ಲಿಯರ್ ಕೋಟ್ ತೆಗೆದು ಪಾಲಿಶ್ ಮಾಡಿದರೂ ಅಲ್ಲಲ್ಲಿ ಮಬ್ಬು, ಏನು ಮಾಡಲಿ?

ಡೊಂಬಿವಲಿ ಸವಾರ:
ಎಲ್ಲರಿಗೂ ನಮಸ್ಕಾರ. ಕುರ್ಲಾದ ಸಿ.ಎಸ್.ಟಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಅಲಾಯ್ ವೀಲ್ ಸೆಟ್ ತಗೊಂಡೆ. 15 ಇಂಚಿನವು. ನಡುವಿನ ಸ್ಪೋಕ್‌ಗಳಿಗೆ ಕಪ್ಪು ಪೇಂಟ್ ಇದೆ. ಹೊರಗಿನ ಲಿಪ್ (ಅಂಚಿನ ಸುತ್ತು) ಮಾತ್ರ ಪಾಲಿಶ್ ಮಾಡಿದ ಅಲ್ಯೂಮಿನಿಯಂ. ಆ ಲಿಪ್ ಮೇಲಿನ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಹಳದಿಗಟ್ಟಿತ್ತು, ಅಡಿಯಲ್ಲಿ ಅಂಕುಡೊಂಕಾದ ಬಿಳಿ ಎಳೆಗಳು ಓಡಿದ್ದವು.

ಟೈರ್ ಬಿಚ್ಚಿಸಿ, ನಮ್ಮ ಸೊಸೈಟಿ ಟೆರೇಸ್ ಮೇಲೆ ಮಧ್ಯಾಹ್ನ ಪೇಂಟ್ ರಿಮೂವರ್ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಒಣಗಿತು, ಕೆರೆದೆ. ಬಹಳಷ್ಟು ಎದ್ದು ಬಂತು. ಆಮೇಲೆ ಆಟೋಸಾಲ್ ಮೆಟಲ್ ಪಾಲಿಶ್ ಹಾಕಿ ಉಜ್ಜಿದರೆ ಒಂದು ಕಡೆ ಮುಖ ಕಾಣುವಷ್ಟು ಹೊಳಪು, ಪಕ್ಕದಲ್ಲೇ ಮಬ್ಬು. ಕೈ ಸೋತು ಹೋಯಿತೇ ಹೊರತು ಮಬ್ಬು ಹೋಗಲಿಲ್ಲ. ಒಬ್ಬರು ಕಾಸ್ಟಿಕ್ ಸೋಡಾ ನೀರಿನಲ್ಲಿ ಮುಳುಗಿಸಿ ಅಂತಾರೆ, ಇನ್ನೊಬ್ಬರು ಮರಳು ಚಿಮ್ಮಿಸಿ ಕೆರೆಯುವ ಸ್ಯಾಂಡ್ ಬ್ಲಾಸ್ಟಿಂಗ್ ಅಂತಾರೆ. ಯಾವುದು ಸರಿ?

ತುರ್ಭೆ ವೀಲ್ ಕೆಲಸ:
ಸರ್, ಎರಡೂ ಬೇಡ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ನೊರೆ ಬರುವುದು ಕೊಳೆ ಹೋಗುತ್ತಿರುವುದಕ್ಕಲ್ಲ, ಲೋಹ ಕರಗಿ ಹೈಡ್ರೋಜನ್ ಅನಿಲ ಹೊರಬರುತ್ತಿರುವುದಕ್ಕೆ. ಅದು ಬೆಂಕಿ ಹಿಡಿಯುವ ಅನಿಲ. ಇನ್ನು ಬ್ಲಾಸ್ಟಿಂಗ್ ಮಾಡಿಸಿದರೆ ಮೇಲ್ಮೈ ತರಿತರಿಯಾಗುತ್ತದೆ. ಪೇಂಟ್ ಹೊಡೆಯುವವರಿಗೆ ಅದು ಒಳ್ಳೆಯದು, ಪಾಲಿಶ್ ಮಾಡುವವರಿಗೆ ದುಪ್ಪಟ್ಟು ಕೆಲಸ.

ಮೊದಲು ಒಂದು ವಿಷಯ ನೋಡಿ ಹೇಳಿ. ಬಿಳಿ ಕಾಟನ್ ಬಟ್ಟೆಯನ್ನು ಬೆರಳಿಗೆ ಸುತ್ತಿ, ಒಂದು ಹನಿ ಪಾಲಿಶ್ ಹಾಕಿ, ಮಬ್ಬಿರುವ ಜಾಗದಲ್ಲಿ ಮಾತ್ರ ಉಜ್ಜಿ. ಬಟ್ಟೆ ಕಪ್ಪಾಗುತ್ತದಾ, ಇಲ್ವಾ?

ಡೊಂಬಿವಲಿ ಸವಾರ:
ಈಗಷ್ಟೇ ನೋಡಿದೆ. ಹೊಳೆಯುವ ಕಡೆ ಒಂದೇ ಉಜ್ಜಿಗೆ ಕಪ್ಪು. ಮಬ್ಬಿನ ಕಡೆ ಬಹುತೇಕ ಎಲ್ಲಾ ಜಾಗದಲ್ಲೂ ಬಟ್ಟೆ ಬೆಳ್ಳಗೇ ಇದೆ. ಆದರೆ ಬಿಳಿ ಎಳೆಗಳಿದ್ದ ಜಾಗದಲ್ಲಿ ಮಬ್ಬೂ ಇದೆ, ಬಟ್ಟೆಯೂ ಕಪ್ಪಾಗುತ್ತದೆ.

ತುರ್ಭೆ ವೀಲ್ ಕೆಲಸ:
ಹಾಗಾದರೆ ನಿಮ್ಮ ಹತ್ತಿರ ಇರುವುದು ಎರಡು ಬೇರೆ ಬೇರೆ ಸಮಸ್ಯೆ. ಬಟ್ಟೆ ಬೆಳ್ಳಗಿದ್ದರೆ ನೀವು ಉಜ್ಜುತ್ತಿರುವುದು ಲೋಹವನ್ನಲ್ಲ, ಉಳಿದ ಕ್ಲಿಯರ್ ಕೋಟನ್ನು. ಕ್ರೀಮ್ ಎಷ್ಟು ಹಾಕಿದರೂ ಅಲ್ಲಿ ಹೊಳಪು ಬರುವುದಿಲ್ಲ. ಬಟ್ಟೆ ಕಪ್ಪಾಗಿಯೂ ಮಬ್ಬಿದ್ದರೆ ಅಲ್ಲಿ ಕೋಟ್ ಹೋಗಿದೆ, ಲೋಹವೇ ತುಕ್ಕು ಹಿಡಿದು ಸವೆದಿದೆ. ಕೋಟ್‌ಗೆ ಎಲ್ಲೋ ಕಲ್ಲೇಟು ಬಿದ್ದು, ಆ ಸಂದಿನಿಂದ ಉಪ್ಪು ಮತ್ತು ತೇವ ಒಳಗೆ ನುಗ್ಗಿದಾಗ ಆಗುವ ತುಕ್ಕು ಅದು.

ಕೋಟ್ ಪೂರ್ತಿ ಬಾರದೆ ಇದ್ದದ್ದಕ್ಕೆ ಕಾರಣ ನಿಮ್ಮ ಬರಹದಲ್ಲೇ ಇದೆ: ಮಧ್ಯಾಹ್ನ, ಟೆರೇಸ್, ಒಣಗಿತು. ಹಾರ್ಡ್‌ವೇರ್ ಅಂಗಡಿಯ ಎಷ್ಟೋ ರಿಮೂವರ್‌ಗಳಲ್ಲಿ ಇರುವುದು ಮೀಥೈಲಿನ್ ಕ್ಲೋರೈಡ್. ಅದು ಸುಮಾರು 40 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಬಿಸಿಲಿಗೆ ಕಾದ ವೀಲ್ ಮೇಲೆ ಅದು ಕೆಲಸ ಮಾಡುವ ಮೊದಲೇ ಹಾರಿ ಹೋಗುತ್ತದೆ.

ಬೆಳಿಗ್ಗೆ, ನೆರಳಿನಲ್ಲಿ, ವೀಲ್ ತಣ್ಣಗಿದ್ದಾಗ ಮಾಡಿ. ಕಪ್ಪು ಸ್ಪೋಕ್‌ಗಳನ್ನು ಮಾಸ್ಕಿಂಗ್ ಟೇಪಿನಿಂದ ಎರಡು ಸುತ್ತು ಮುಚ್ಚಿ, ಅದರ ಮೇಲೆ ಫಾಯಿಲ್ ಹಾಕಿ. ಟೇಪ್ ಒಂದನ್ನೇ ನಂಬಬೇಡಿ, ರಿಮೂವರ್ ಅದರ ಅಂಟನ್ನೂ ಬಿಡಿಸುತ್ತದೆ. ಟೇಪಿನ ಅಂಚಿನಿಂದ ಅರ್ಧ ಇಂಚು ಜಾಗ ಬಿಟ್ಟು ರಿಮೂವರ್ ದಪ್ಪಗೆ ಹಚ್ಚಿ. ಬ್ರಷ್ಷನ್ನು ಹಿಂದೆ ಮುಂದೆ ಎಳೆದಾಡಬೇಡಿ, ಒಂದೇ ದಿಕ್ಕಿಗೆ ಹಾಸಿಬಿಡಿ. ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಒತ್ತಿ ಮುಚ್ಚಿ. 15-20 ನಿಮಿಷದಲ್ಲಿ ಕೋಟ್ ಆರಿದ ಹಾಲಿನ ಕೆನೆ ಥರ ಸುಕ್ಕುಗಟ್ಟಿ ಮೇಲೇಳುತ್ತದೆ. ಆಗ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ತೆಗೆಯಿರಿ. ಕಬ್ಬಿಣದ್ದು ಬೇಡ, ಅದರ ಒಂದು ಗೀರು ಅಳಿಸಲು ಅರ್ಧ ಗಂಟೆ ಬೇಕು. ಸುಕ್ಕು ಬರದಿದ್ದರೆ ಅದು ಪೌಡರ್ ಕೋಟ್ (ಪುಡಿ ಹಾಕಿ ಬಿಸಿಯಲ್ಲಿ ಕಾಯಿಸಿದ ಗಟ್ಟಿ ಪದರ) ಇರಬಹುದು. ಇನ್ನೊಂದೆರಡು ಸಲ ಹಚ್ಚಬೇಕಾಗುತ್ತದೆ, ಅಷ್ಟೇ.

ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ: ಆ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಬಾತ್‌ರೂಮಿನಲ್ಲಿ, ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಮಾಡಿದವರು ಸತ್ತದ್ದೂ ಇದೆ. ಅಮೆರಿಕದಲ್ಲಿ 2019ರಲ್ಲೇ ಮನೆ ಬಳಕೆಗೆ ಇಂಥ ರಿಮೂವರ್ ಮಾರುವುದನ್ನು ನಿಷೇಧಿಸಿದರು. ಟೆರೇಸೇ ಸರಿ, ಗಾಳಿ ಆಡಲಿ. ಧೂಳಿನ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ತೆಳು ನೈಟ್ರೈಲ್ ಗ್ಲೌಸ್ ಕೂಡ ಇದಕ್ಕೆ ಬಹಳ ಹೊತ್ತು ತಡೆಯುವುದಿಲ್ಲ, ರಿಮೂವರ್ ಬಿದ್ದ ಕೂಡಲೇ ಬದಲಿಸಿ. ಕಣ್ಣಿಗೆ ಗಾಗಲ್ ಇರಲಿ. ಬೆಂಜೈಲ್ ಆಲ್ಕೋಹಾಲ್ ಇರುವ ರಿಮೂವರ್ ಸಿಕ್ಕರೆ ಅದನ್ನೇ ತಗೊಳ್ಳಿ. ಕೆಲಸ ನಿಧಾನ, ಆದರೆ ಅಪಾಯ ಕಡಿಮೆ. ಕೆರೆದ ಕಸವನ್ನು ಟೆರೇಸ್ ಪೈಪಿಗೆ ತೊಳೆದು ಬಿಡಬೇಡಿ.

ಕೋಟ್ ಪೂರ್ತಿ ಹೋದ ಮೇಲೆ ಬಿಳಿ ಎಳೆಗಳ ಕಲೆಗೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ; ನಂಬರ್ ಹೆಚ್ಚಿದಷ್ಟೂ ನುಣುಪು) ಬೇಕು. ನೀರು ಹಾಕುತ್ತಾ 400ರಿಂದ ಶುರು ಮಾಡಿ 600, 800, 1000, 1500, 2000. ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲಿಸಿ. ಹಿಂದಿನ ಪೇಪರಿನ ಗೀರು ಪೂರ್ತಿ ಮಾಯವಾಗದೆ ಮುಂದಕ್ಕೆ ಹೋಗಬೇಡಿ.

ವರ್ಸೋವಾ ಕಡಲಬದಿ:
ಒಂದು ಮಾತು ಸೇರಿಸುತ್ತೇನೆ. ಕೋಟ್ ಇಲ್ಲದ ಅಲ್ಯೂಮಿನಿಯಂ ನಮ್ಮ ಮುಂಬೈ ಗಾಳಿಗೆ ಬೇಗ ಮಂಕಾಗುತ್ತದೆ ಮಾರಾಯ್ರೇ. ಸಮುದ್ರದ ಪಕ್ಕ ಇರುವ ನಮಗಂತೂ ಮಳೆಗಾಲದಲ್ಲಿ ಇನ್ನೂ ಜಾಸ್ತಿ. ವೀಲ್ ಸೀಲಂಟ್ ಅಥವಾ ವ್ಯಾಕ್ಸ್ ಹಚ್ಚಿ, ಆಗಾಗ ಸಾದಾ ಕಾರ್ ಶಾಂಪೂವಿನಲ್ಲಿ ತೊಳೆಯುತ್ತಿರಿ. ಆ್ಯಸಿಡ್ ಇರುವ ವೀಲ್ ಕ್ಲೀನರ್ ಮುಟ್ಟಬೇಡಿ.

ಡೊಂಬಿವಲಿ ಸವಾರ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಬೆಳಿಗ್ಗೆ ಕ್ಲಿಂಗ್ ಫಿಲ್ಮ್ ಹಾಕಿ ಒಂದು ವೀಲ್ ಮಾಡಿದೆ. ಅಂಗೈಯಗಲದ ಹಾಳೆಗಳಾಗಿ ಎದ್ದು ಬಂತು! ಈಗ ಸುತ್ತಲೂ ಬಟ್ಟೆ ಕಪ್ಪಾಗುತ್ತದೆ. ಪಾಲಿಶ್ ಆದ ಮೇಲೆ ಮತ್ತೆ ಕ್ಲಿಯರ್ ಹೊಡೆಸಬಹುದಾ?

ತುರ್ಭೆ ವೀಲ್ ಕೆಲಸ:
ಖುಷಿಯಾಯಿತು ಸರ್. ಕನ್ನಡಿ ಹೊಳಪಿನ ಮೇಲೆ ಕ್ಲಿಯರ್ ಸರಿಯಾಗಿ ಕಚ್ಚುವುದಿಲ್ಲ, ಹಿಡಿತಕ್ಕೆ ಸ್ವಲ್ಪ ತರಿ ಬೇಕು. ಸ್ಪ್ರೇ ಕ್ಯಾನಿನಲ್ಲಿ ಹೊಡೆದರೆ ಮತ್ತೆ ಅದೇ ಹಳದಿ, ಅದೇ ಎಳೆ. ಲಿಪ್ ಮಾತ್ರ ಅಲ್ವಾ, ವ್ಯಾಕ್ಸ್ ಸಾಕು. ಟೈರ್ ಕೂರುವ ಅಂಚಿಗೆ, ನಟ್ ಕೂರುವ ಕುಳಿಗಳಿಗೆ ಪೇಪರ್ ತಾಗಿಸಬೇಡಿ. ಟೈರ್ ಹಾಕಿಸಿದ ಮೇಲೆ ಬ್ಯಾಲೆನ್ಸಿಂಗ್ ಮಾಡಿಸಿ, ಅಂಟಿಸುವ ವೇಟ್‌ಗಳನ್ನು ಒಳಬದಿಗೆ ಹಾಕಲು ಹೇಳಿ. 50-100 ಕಿಲೋಮೀಟರ್ ಓಡಿದ ಮೇಲೆ ನಟ್‌ಗಳ ಟೈಟ್ ಇನ್ನೊಮ್ಮೆ ನೋಡಿಕೊಳ್ಳಿ.