ಸಹಾಯ ಬೇಕು: ಕರಾವಳಿಯ ಮಳೆಗಾಲಕ್ಕೆ ಸಾಲಿಡ್ ಟಾಪ್ ಗಿಟಾರ್ ತಗೊಳ್ಳಬಹುದಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಂಗಳೂರಿನಲ್ಲಿ. ಆರು ವರ್ಷದಿಂದ ಒಂದೇ ಅಗ್ಗದ ಗಿಟಾರ್ ನುಡಿಸುತ್ತಿದ್ದೇನೆ. ಈ ಮಳೆಗಾಲದಲ್ಲಿ ಅದರ ಬ್ರಿಡ್ಜ್ (ಮೈಮೇಲೆ ತಂತಿಗಳನ್ನು ಹಿಡಿದಿಡುವ ಮರದ ಪಟ್ಟಿ) ಹಿಂದಿನ ಅಂಚು ಮೇಲೆದ್ದಿದೆ, ಸಂದಿಯಲ್ಲಿ ಕಾಗದ ತೂರುತ್ತದೆ. 12ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ಹತ್ತಿರ ದಪ್ಪ ತಂತಿ 4 ಮಿ.ಮೀ. ಎತ್ತರದಲ್ಲಿದೆ. ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತುವ ಸ್ವರಗುಚ್ಛ) ಹಿಡಿದರೆ ಬೆರಳು ಉರಿಯುತ್ತದೆ.

ಹೊಸದಕ್ಕೆ 25,000 ರೂಪಾಯಿ ಕೂಡಿಟ್ಟಿದ್ದೇನೆ. ಪದರ ಅಂಟಿಸಿದ ಮರ ಬೇಡ, ಸಾಲಿಡ್ ಟಾಪ್, ಅಂದರೆ ಮೇಲ್ಭಾಗ ಪದರವಿಲ್ಲದ ಗಟ್ಟಿ ಮರದ್ದೇ ಬೇಕು ಅಂತ ಆಸೆ. ಅಂಗಡಿಯಲ್ಲಿ ಯಮಹಾ ಎಫ್‌ಜಿ800 ನುಡಿಸಿದೆ. ಸ್ಪ್ರೂಸ್ ಮರ, ನಾದ ತುಂಬಾ ಸ್ಪಷ್ಟ. ಒಂದು ಜಿ ಕಾರ್ಡ್ ಮೀಟಿ ಸುಮ್ನೆ ಕೇಳುತ್ತಾ ಕೂತೆ, ಎದೆಗೆ ತಾಗುವ ಹಾಗೆ ಗುಂಯ್‌ಗುಡುತ್ತಿತ್ತು. ಆದರೆ ನಾನು ಮೆಲ್ಲಗೆ ಹಾಡುವವಳು, ಜಾಸ್ತಿ ನುಡಿಸುವುದು ಬೆರಳಲ್ಲೇ. ಅದಕ್ಕೆ ಮೈ ಸಣ್ಣದಿರುವ ಎಫ್‌ಎಸ್800 ಸರಿಯಾ? ಇಲ್ಲಾ ಮಹಾಗನಿ ಟಾಪ್ ಇರುವ ಫೆಂಡರ್ ಸಿಡಿ-60ಎಸ್ ಒಳ್ಳೆಯದಾ? ಮಹಾಗನಿಯ ದನಿ ಬೆಚ್ಚಗಿರುತ್ತದೆ ಅಲ್ವಾ?

ದೊಡ್ಡ ಚಿಂತೆ ತೇವದ್ದು. ಸಾಲಿಡ್ ಟಾಪ್ ತೇವಕ್ಕೆ ಬೇಗ ಉಬ್ಬುತ್ತದೆ. ಉಡುಪಿ, ಕಾರವಾರ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೆ ಕಾಪಾಡುತ್ತೀರಿ? ಗಟ್ಟಿ ಕೇಸ್, ಸಿಲಿಕಾ ಜೆಲ್ ಸಾಕಾ? ಮಂಗಳೂರಲ್ಲಿ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತೆಳು ಪಟ್ಟಿ) ಉಜ್ಜಿ ಆ್ಯಕ್ಷನ್ (ತಂತಿಯ ಎತ್ತರ) ಇಳಿಸಿಕೊಡುವವರು ಇದ್ದರೆ ದಯವಿಟ್ಟು ತಿಳಿಸಿ.