ಮಾಮಾರ ಸಿ.ಟಿ. ಬಗ್ಗೆ ಅಕ್ಕ ಕೇಳಿದ್ದಕ್ಕ

ಅಕ್ಕಾ, ರಿಪೋರ್ಟಿನ ಫೋಟೋ ನೋಡಿದೆ. ಸೋನೋಗ್ರಫ್ಯಾಗ ಮಾಮಾರ ಬಲಗಡೆ ಕಿಡ್ನಿ ಸ್ವಲ್ಪ ಉಬ್ಬೇತಿ ಅಂತ ಬರದಾರ, ಹರಳು ಕಂಡಿಲ್ಲ. ಈಗ ಡಾಕ್ಟ್ರು ಪ್ಲೇನ್ ಸಿ.ಟಿ. ಕೆ.ಯು.ಬಿ. (ಕಿಡ್ನಿ, ಮೂತ್ರನಾಳ, ಮೂತ್ರಚೀಲದ ಸ್ಕ್ಯಾನ್) ಬರದಾರ, ‘ಮೊದಲಿಂದು ತಪ್ಪಾತೇನು, ರೊಕ್ಕ ದಂಡ ಹೋತೇನು’ ಅಂತ ಕೇಳೀದಿ. ತಪ್ಪಲ್ಲ.

ಕಿಡ್ನಿಯಿಂದ ಮೂತ್ರಚೀಲಕ್ಕ ಇಳಿಯೂ ನಾಳ ಹತ್ತತ್ರ 25 ಸೆಂಟಿಮೀಟರ್ ಉದ್ದ, ಒಳಗಿನ ಅಗಲ ಬರೇ 3-4 ಮಿಲಿಮೀಟರ್. ಸೋನೋಗ್ರಫಿಗೆ ಅದರ ಮ್ಯಾಲಿನ ತುದಿ ಕಾಣ್ತೈತಿ, ಚೀಲ ತುಂಬಿದ್ರ ಕೆಳಗಿಂದೂ ಕಾಣ್ತೈತಿ. ನಡುವಿಂದು ಕರುಳಿನ ಗ್ಯಾಸಿನ ಹಿಂದ ಮುಚ್ಚಿರ್ತೈತಿ, ಶಬ್ದದ ತೆರಿ ಗ್ಯಾಸ್ ದಾಟಂಗಿಲ್ಲ. ಕಾಲುವ್ಯಾಗ ಕಸ ಸಿಕ್ಕು ಹಿಂದ ನೀರು ನಿಂತಿದ್ದು ಕಂಡೈತಿ, ಕಸ ಎಲ್ಲೈತಿ ಅನ್ನೂದು ಕಂಡಿಲ್ಲ, ಅಷ್ಟ.

ಚೀಟ್ಯಾಗ ‘ಪ್ಲೇನ್’ ಅಂತ ಐತೆಲ್ಲ, ಆ ಶಬ್ದಾನ ಮುಖ್ಯ. ಚಿತ್ರದಾಗ ಬೆಳ್ಳಗ ಕಾಣೂ ಔಷಧದ (ಕಾಂಟ್ರಾಸ್ಟ್) ಇಂಜೆಕ್ಷನ್ ಇಲ್ಲ, ಶುಗರ್ ಗುಳಿಗಿ ಬಿಡೂದು ಬ್ಯಾಡ, ಉಪವಾಸಾನೂ ಬ್ಯಾಡ, ರೊಟ್ಟಿ ತಿಂದ ಬರಲಿ. ಹರಳು ಹುಡುಕಾಕ ಇಂಜೆಕ್ಷನ್ ಅಡ್ಡೀನ ಆಗ್ತೈತಿ: ಔಷಧ ನಾಳಕ್ಕ ಇಳಿದ ಮ್ಯಾಲೆ ಅದೂ ಬೆಳ್ಳಗ, ಹರಳೂ ಬೆಳ್ಳಗ. ಕೌಂಟರಿನ್ಯಾಗ ಯಾರರೆ ‘ಕಾಂಟ್ರಾಸ್ಟ್’ ಅಂದ್ರ ಚೀಟಿ ತೋರ್ಸು, ಡಾಕ್ಟ್ರಿಗೆ ಫೋನ್ ಹಚ್ಚು. ಮೂತ್ರದಾಗ ರಕ್ತ ಬಂದು ಹರಳೂ ಸಿಗಲಿಲ್ಲಂದ್ರ ಆಗ ಇಂಜೆಕ್ಷನ್ ಕೊಡೂ ಸಿ.ಟಿ. ಯುರೋಗ್ರಾಮ್ ಮಾತು. ಅದಕ್ಕ ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರ್ಸೂ ರಕ್ತದ ಟೆಸ್ಟ್) ರಿಪೋರ್ಟ್ ಬೇಕು, ಶುಗರಿನ ಗುಳಿಗಿ ಮೆಟ್‌ಫಾರ್ಮಿನ್ ತಗೋತಾರ ಅನ್ನೂದೂ ಮೊದಲ ಹೇಳಬೇಕು.

ನೀರು ಇಂಡಿ ಊರಾಗ ಬಸ್ ಹತ್ತೂಮುಂದ ಕುಡಿಸಬ್ಯಾಡ, ದಾರ್ಯಾಗ ಫಜೀತಿ. ವಿಜಯಪುರಕ್ಕ ಇಳಿದು, ಸ್ಕ್ಯಾನಿಗೆ ಒಂದು ತಾಸು ಮೊದಲ ಮುಕ್ಕಾಲು ಲೀಟರ್ ಸಾಕು. ಚೀಲ ಖಾಲಿ ಇದ್ರ ಹರಳು ನಾಳದ ಬಾಯಾಗ ಸಿಕ್ಕೈತೋ, ಚೀಲಕ್ಕ ಬಿದ್ದೈತೋ ತಿಳಿಯೂದು ಕಷ್ಟ. ಅನುಮಾನ ಬಂದ್ರ ಬೋರಲ ಮಲಗಿಸಿ ಇನ್ನೊಮ್ಮೆ ತಗೀತಾರ: ಬಿದ್ದದ್ದು ಉರುಳಿ ಮುಂದಕ್ಕ ಬರ್ತೈತಿ, ಸಿಕ್ಕಿದ್ದು ಅಲ್ಲೇ ಇರ್ತೈತಿ. ಮಾಮಾರ ಬೆಳ್ಳಿ ಉಡದಾರ ಮನ್ಯಾಗ ತಗದಿಡ್ರಿ, ಸರಿಯಾಗಿ ನೋಡಬೇಕಾದ ಜಾಗಾದಾಗನ ಅದು ಗೆರಿ ಎಳೀತೈತಿ. ಟೇಬಲ್ ಮ್ಯಾಲಿನ ಕೆಲಸ ನಾಕೈದು ನಿಮಿಷದ್ದು.

ರಿಪೋರ್ಟಿನ್ಯಾಗ ಹರಳಿನ ಅಳತಿ, ಜಾಗಾ, ಎಚ್.ಯು. ನಂಬರ್ (ಸಿ.ಟಿ.ಯಾಗ ಹರಳು ಎಷ್ಟು ದಟ್ಟ ಅನ್ನೂ ಅಳತಿ) ನೋಡು. 0.6 ಸೆಂ.ಮೀ. ಅಂದ್ರ 6 ಮಿ.ಮೀ.ನ, ಎರಡು ಕಡೆ ಎರಡು ನಮೂನಿ ಬರದ್ರ ಗಾಬರಿ ಆಗಬ್ಯಾಡ. 5 ಮಿ.ಮೀ. ಒಳಗಿಂದು ಬಹಳ ಮಾಡಿ ತಾನಾ ಬೀಳ್ತೈತಿ, 10 ದಾಟಿದ್ದು ಬೀಳೂದು ಕಡಿಮಿ. ಎಚ್.ಯು. 1000 ದಾಟಿದ್ರ ಹರಳು ಗಟ್ಟಿ, ಹೊರಗಿಂದ ಒಡಿಯೂ ಶಾಕ್‌ವೇವ್‌ಗೆ ಸುಲಭ ಬಗ್ಗಂಗಿಲ್ಲ.

ಸೋಮವಾರ ಸ್ಕ್ಯಾನ್ ಆಗೂತನಕ ಚಳಿಜ್ವರ ಬಂತು, ಇಲ್ಲಾ ಮೂತ್ರಾನ ನಿಂತಿತು ಅಂದ್ರ ಸ್ಕ್ಯಾನಿನ ಪಾಳಿ ಕಾಯಬ್ಯಾಡ, ಮಧ್ಯರಾತ್ರಿ ಆದ್ರೂ ಎಮರ್ಜೆನ್ಸಿಗೆ ಕರಕೊಂಡ್ ಹೋಗು. ಕಟ್ಟಿದ ಕಿಡ್ನ್ಯಾಗ ಸೋಂಕು ಸೇರಿದ್ರ ಮೊದಲ ಕಟ್ಟು ಬಿಡಿಸಿ ಮೂತ್ರ ಹರಿಸಬೇಕಾಗ್ತೈತಿ, ಹರಳು ಆಮ್ಯಾಲೆ. ಹಳೇ ಸೋನೋಗ್ರಫಿ ಫೈಲ್ ಮರೀಬ್ಯಾಡ ಮತ್ತ.