ಮರು: ‘ಗಾರ್ಡಿಯನ್’ಗೆ ಕನ್ನಡ ಪದ? ನಾಳೆ ಬೆಳಿಗ್ಗೆಯೊಳಗೆ ಬೇಕು

> ಬಾಲನಟ ಜಾಕಿ ಕೂಗನ್‌ನ 1921ರ ಮೂಕಿ ಚಿತ್ರ ‘ಮೈ ಬಾಯ್’ ತೋರಿಸುತ್ತಿದ್ದೇವೆ. ಬೋರ್ಡಿಗೆ ಒಂದು ಸಾಲು ಬೇಕು. ‘ವಲಸಿಗ ಅನಾಥ ಬಾಲಕ ಹಾಗೂ ಅನಿರೀಕ್ಷಿತ ಪೋಷಕ’ ಅಂತ ಬರೆದಿಟ್ಟಿದ್ದೇನೆ. ಸರಿ ಇದೆಯಾ? ಪೇಂಟರ್ ನಾಳೆ ಬೆಳಿಗ್ಗೆ ಬರ್ತಾರೆ.

ಸರಿ ಇಲ್ಲ ಮೇಡಂ. ಸಿನಿಮಾ ಬೋರ್ಡಿನಲ್ಲಿ ‘ಪೋಷಕ’ ಕಂಡರೆ ಜನ ಪೋಷಕ ನಟ ಅಂದುಕೊಳ್ಳುತ್ತಾರೆ. ಶಾಲೆಯ ಚೀಟಿಯಲ್ಲಿ ಪೋಷಕರು ಅಂದರೆ ಅಪ್ಪ ಅಮ್ಮ. ‘ಪಾಲಕ’ವೂ ಅಷ್ಟೇ, ಧಾರವಾಡದ ಕಡೆ ಪಾಲಕರ ಸಭೆಗೆ ಹೋಗುವವರು ಅಪ್ಪ ಅಮ್ಮಂದಿರೇ. ‘ಅನಿರೀಕ್ಷಿತ’ ಬೇಡವೇ ಬೇಡ.

ನಿಮಗೆ ಬೇಕಾದ ಪದ ‘ದಿಕ್ಕು’. ‘ಗಂಡ ಹೋದ ಮೇಲೆ ಅವಳಿಗೆ ಅಣ್ಣನೇ ದಿಕ್ಕು’ ಅನ್ನುತ್ತೇವಲ್ಲ, ಆ ದಿಕ್ಕು. ಚಿತ್ರದಲ್ಲಿ ಅಮೆರಿಕಕ್ಕೆ ಬರುವ ಹಡಗಿನಲ್ಲೇ ಹುಡುಗನ ತಾಯಿ ತೀರಿಕೊಳ್ಳುತ್ತಾಳೆ. ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅವನನ್ನು ವಾಪಸ್ ಕಳಿಸಲು ಹೊರಡುತ್ತಾರೆ. 1917ರ ಅಲ್ಲಿನ ವಲಸೆ ಕಾಯ್ದೆಯಲ್ಲಿ 16 ವರ್ಷದೊಳಗಿನ ಮಗು ಅಪ್ಪ ಅಮ್ಮ ಇಲ್ಲದೆ ಬಂದರೆ ವಿಶೇಷ ಅನುಮತಿ ಬೇಕಿತ್ತು. ಅಂದರೆ ಅಧಿಕಾರಿ ಕೇಳಬೇಕಾದ ಪ್ರಶ್ನೆಯೇ ‘ಇವನಿಗೆ ದಿಕ್ಕು ಯಾರು?’ ಹುಡುಗ ಕಣ್ಣು ತಪ್ಪಿಸಿ ಒಬ್ಬ ಮುದಿ ನಾವಿಕನ ಹಿಂದೆ ಹೋಗಿಬಿಡುತ್ತಾನೆ. ಆ ಮುದುಕನೋ ಕಡುಬಡವ.

‘ದಿಕ್ಕು ಸಂಸ್ಕೃತ, ಬಿಡಿ’ ಅಂತ ನಿನ್ನೆ ಬರೆದವರಿಗೆ: ಹೌದು, ಸಂಸ್ಕೃತದ್ದೇ. ‘ದೆಸೆ’ಯೂ ಅಲ್ಲಿಂದಲೇ ಬಂದದ್ದು. ಆದರೆ ಅದಕ್ಕೆ ಆಸರೆ ಅನ್ನುವ ಅರ್ಥ ತುಂಬಿದ್ದು ನಮ್ಮ ಮನೆಗಳು, ತೆಲುಗರ ಮನೆಗಳು. ಅಡುಗೆಮನೆಯಲ್ಲಿ ಇಷ್ಟು ಕಾಲ ಬಾಳಿದ ಪದವನ್ನು ಹುಟ್ಟಿದೂರು ಕೇಳಿ ಹೊರಗೆ ಹಾಕುವುದು ಯಾವ ನ್ಯಾಯ? ನೀವು ಕೊಟ್ಟ ‘ಹೊರನಾಡ ತಬ್ಬಲಿ’ಯಲ್ಲಿ ತಬ್ಬಲಿ ಚೆನ್ನಾಗಿದೆ, ನನಗೂ ಇಷ್ಟ. ಹೊರನಾಡು ಅಂದರೆ ಮಾತ್ರ ಅನ್ನಪೂರ್ಣೇಶ್ವರಿಯ ಊರು ನೆನಪಾಗುತ್ತದೆ, ಇಲ್ಲವೇ ಹೊರನಾಡ ಕನ್ನಡಿಗರು. ಇಲ್ಲಿ ಹೊಂದುವುದಿಲ್ಲ.

ವಲಸಿಗ, ಅನಾಥ ಎರಡನ್ನೂ ಒಟ್ಟಿಗೆ ಹೇಳುವ ಪದ ನಮ್ಮಲ್ಲೇ ಇದೆಯಲ್ಲ: ಪರದೇಸಿ. ಬೇರೆ ದೇಶದವನೂ ಹೌದು, ಯಾರೂ ಇಲ್ಲದವನೂ ಹೌದು. ಊರು ಬಿಟ್ಟವನಿಗೆ ಯಾರೂ ಇರುವುದಿಲ್ಲ ಅಂತ ಕಂಡವರೇ ಈ ಅರ್ಥ ಕೂಡಿಸಿರಬೇಕು. ಬೈಗುಳ ಅಲ್ವಾ ಅಂತೀರಿ. ‘ಪರದೇಸಿ ಥರ ಯಾಕೆ ಕೂತಿದೀಯ, ಬಾ ಊಟಕ್ಕೆ’ ಅಂತ ನಮ್ಮಮ್ಮ ಕರೆಯುತ್ತಿದ್ದರು. ಅದರಲ್ಲಿ ಬೈಗುಳಕ್ಕಿಂತ ಕರುಳೇ ಜಾಸ್ತಿ.

ಹೀಗೆ ಬರೆಸಿ: ‘ಹಡಗಿನಲ್ಲಿ ತಾಯಿಯನ್ನು ಕಳೆದುಕೊಂಡ ಪರದೇಸಿ ಹುಡುಗ, ಅವನಿಗೆ ದಿಕ್ಕಾದ ಬಡ ನಾವಿಕ.’

ಪೇಂಟರ್ ‘ಪರದೇಶಿ’ ಅಂತ ತಿದ್ದಲು ಬಿಡಬೇಡಿ. ‘ಸಿ’ ಇರಲಿ. ‘ಶಿ’ ಹಾಕಿದರೆ ಸುಮ್ನೆ ವಿದೇಶದವನು ಅಂತ ಆಗಿಬಿಡುತ್ತದೆ.